ಚಲಪತಿಯ ಬಿಕ್ಕಳಿಕೆ

ಚಲಪತಿಗೆ ಮೊದಲ ಬಿಕ್ಕಳಿಕೆ ಬಂದಾಗ ಅವನ ಕ್ಷೌರದ ಕತ್ತಿ ನನ್ನ ಗಂಟಲ ಹತ್ತಿರವಿತ್ತು. ದೇವರು ದೊಡ್ಡವನು, ಗದ್ದದ ಮೇಲೆ ಬರೀ ಒಂದು ಗೀರು ಬಿತ್ತು. "ಅಯ್ಯೋ ನಿನ್ನ ಮನೆ ಕಾಯೋಗ!" ಎಂದು ನಾನು ಕುರ್ಚಿಯಲ್ಲೇ ನೆಗೆದೆ. ಅವನಿಗೆ ಅದು ಕೇಳಿಸಲೇ ಇಲ್ಲ. ಕತ್ತಿ ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ನಿಂತುಬಿಟ್ಟ. ಇನ್ನೊಂದು ಸಲ ಬಿಕ್ಕಿದ. "ಭೈರಣ್ಣ," ಅಂದ ಮೆಲ್ಲಗೆ, "ನಂಗೂ ಬಂತು ಕಣಯ್ಯಾ." ಅವನ ಕಣ್ಣು ತುಂಬಿದ್ದು ನೋಡಿ ನನ್ನ ಗದ್ದದ ಉರಿ ನನಗೆ ಮರೆತೇಹೋಯಿತು.

ನಮ್ಮೂರಲ್ಲಿ ಹುಟ್ಟಿ ಐವತ್ತು ದಾಟಿದವನಿಗೆ ಮೊದಲ ಬಿಕ್ಕಳಿಕೆಯೆಂದರೆ ಸಣ್ಣ ಮಾತಲ್ಲ. ಇಲ್ಲಿಯವರ ವಿಡಿಯೋ ಎಲ್ಲಿ ಓಡಿದರೂ, ಅದರಲ್ಲಿ ಯಾರ ಮುಖ ಕಾಣುತ್ತದೋ ಅವರಿಗೆ ಬಿಕ್ಕಳಿಕೆ ಬರುತ್ತದೆ. ಮುಖ ಕಂಡಷ್ಟು ಹೊತ್ತು ಬರುತ್ತದೆ, ಮರೆಯಾದರೆ ನಿಲ್ಲುತ್ತದೆ. ಖಾರ ತಿಂದಾಗ ಬರುವುದು ಬೇರೆ, ಅದು ಗಂಟಲಿನದು. ಇದು ಎದೆಯೊಳಗಿಂದ ಏಳುತ್ತದೆ, ಬಂದವರಿಗೆ ತಪ್ಪದೆ ಗೊತ್ತಾಗುತ್ತದೆ. ಹೀಗಾಗಿ ವಿಡಿಯೋ ಹಾಕುವ ಮೊದಲು ಅದರಲ್ಲಿರುವವರಿಗೆಲ್ಲ ಹೇಳಿ ಕಳಿಸುವುದು ನಮ್ಮಲ್ಲಿ ಮರ್ಯಾದೆ. "ಸಂಜೆ ಗೃಹಪ್ರವೇಶದ್ದು ಹಾಕ್ತಿದೀವಿ, ಕಾಫಿಗೀಫಿ ಮೊದಲೇ ಕುಡಿದು ಕೂತಿರಿ" ಎಂದು. ಊಟದ ಹೊತ್ತಿನಲ್ಲಿ ಹಾಕುವವರನ್ನು ಊರು ಮನುಷ್ಯರೆಂದೇ ಎಣಿಸುವುದಿಲ್ಲ. ಗಂಡನ ಮನೆಗೆ ಹೋದ ಮಗಳು ಅಲ್ಲಿ ತವರಿನ ವಿಡಿಯೋ ಹಾಕಿಕೊಂಡಳೆಂದರೆ ಇಲ್ಲಿ ತಾಯಿ ಬಟ್ಟೆ ಒಗೆಯುತ್ತ ಬಿಕ್ಕುತ್ತಾಳೆ, ಬಿಕ್ಕುತ್ತ ನಗುತ್ತಾಳೆ. ಜಗಳವಾಡಿಕೊಂಡು ದೂರವಾದ ಗಂಡ ಹೆಂಡಿರು ರಾಜಿಯಾಗುವ ಸುಳಿವು ಊರಿಗೆ ಸಿಗುವುದೂ ಹೀಗೆಯೇ. "ನಿನ್ನ ಬಿಕ್ಕಳಿಕೆ ಬತ್ತಿಹೋಗ" ಎನ್ನುವುದು ನಮ್ಮಲ್ಲಿ ಎಲ್ಲಕ್ಕಿಂತ ಕೆಟ್ಟ ಶಾಪ. ಸತ್ತವರಿಗೆ ಮಾತ್ರ ಏನೂ ಇಲ್ಲ. ಅವರ ವಿಡಿಯೋ ಎಷ್ಟು ಸಲ ಹಾಕಿದರೂ ಯಾವ ಮೂಲೆಯಿಂದಲೂ ಸದ್ದು ಬರುವುದಿಲ್ಲ.

ಚಲಪತಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಬಸ್ ಸ್ಟ್ಯಾಂಡಿನ ಎದುರು ಕಟಿಂಗ್ ಅಂಗಡಿ, ಅದರ ಹಿಂದೊಂದು ಕೋಣೆ, ಅಷ್ಟೇ ಅವನ ಸಂಸಾರ. ಊರಿನ ಎಲ್ಲ ಮದುವೆಗಳಲ್ಲಿ ಗಂಡಿಗೆ ಕ್ಷೌರ ಮಾಡುವವನು ಅವನೇ. ಆದರೆ ಕ್ಯಾಮೆರಾದವನು ಗಂಡಿನ ಮುಖ ಹಿಡಿಯುತ್ತಾನೆಯೇ ಹೊರತು ಕ್ಷೌರ ಮಾಡುವವನ ಮುಖ ಯಾಕೆ ಹಿಡಿಯುತ್ತಾನೆ? ನನ್ನ ಮದುವೆಯ ವಿಡಿಯೋದಲ್ಲೂ ಅವನ ಮೊಣಕೈ ಇದೆ, ಅದರಿಂದ ಮೇಲಕ್ಕೆ ಏನೂ ಇಲ್ಲ. ಮೊಣಕೈಗೆ ಬಿಕ್ಕಳಿಕೆ ಬರುವುದಿಲ್ಲ. ಅಂಗಡಿಯಲ್ಲಿ ಕೂತವರಿಗೆ ಬಿಕ್ಕಳಿಕೆ ಬಂದರೆ ಅವನು ಕತ್ತಿ ಎತ್ತಿಹಿಡಿದು ಮುಗಿಯುವ ತನಕ ಕಾಯುತ್ತಿದ್ದ. "ಯಾರಣ್ಣಾ?" ಎಂದು ಕೇಳುತ್ತಿದ್ದ. "ಮಗಳಿರ್ಬೇಕು" ಎಂದರೆ "ಪುಣ್ಯವಂತರು ಬಿಡಿ" ಎಂದು ಮತ್ತೆ ಕೆಲಸ ಹಿಡಿಯುತ್ತಿದ್ದ. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಅದೇ ನನಗೆ ಸಂಕಟ.

ಅಂಥವನಿಗೆ ಬಿಕ್ಕಳಿಕೆ ಬಂದರೆ ಊರು ಸುಮ್ಮನಿರುತ್ತದೆಯೇ! ಅರ್ಧ ಕ್ಷೌರವಾದ ಮುಖ ಹೊತ್ತುಕೊಂಡು ನಾನೇ ಹೊರಗೆ ಬಂದು ಸಾರಿದೆ. ಹೋಟೆಲಿನವರು ಸಕ್ಕರೆ ತಂದು ಅವನ ಬಾಯಿಗೆ ಹಾಕಿದರು. ಹೂವಿನ ಅಂಗಡಿಯ ಮುದುಕಿ "ಯಾರೋ ಅವಳು, ಬಾಯಿ ಬಿಡೋ" ಎಂದು ಕೆಣಕಿದಳು. ಚಲಪತಿ ನಾಚಿಕೊಂಡು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಯಾರಿರಬಹುದೆಂದು ಅವನಿಗೂ ಗೊತ್ತಿರಲಿಲ್ಲ. ಆದರೂ ಆ ದಿನ ಹೊಸ ಅಂಗಿ ತೊಟ್ಟುಕೊಂಡ. ನೋಡುತ್ತಿರುವುದು ವಿಡಿಯೋದೊಳಗಿನ ಹಳೆಯ ಚಲಪತಿಯನ್ನೇ ಹೊರತು ಇವನನ್ನಲ್ಲವಲ್ಲ, ಹೊಸ ಅಂಗಿ ಯಾಕೆ ಎಂದು ಕೇಳಬೇಕೆನಿಸಿತು.

ನಡುನಡುವೆ ಬಿಡುವು ಕೊಟ್ಟರೂ ಬಿಕ್ಕಳಿಕೆ ಮಧ್ಯಾಹ್ನಕ್ಕೂ ನಿಲ್ಲಲಿಲ್ಲ, ಸಂಜೆಗೂ ನಿಲ್ಲಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವನ ಕಣ್ಣು ಕೆಂಪಗಾಗಿತ್ತು. ತುತ್ತು ಬಾಯಿಗಿಟ್ಟರೆ ಬಿಕ್ಕಳಿಕೆ, ನೀರು ಕುಡಿದರೆ ಮೂಗಿಗೆ. ಕತ್ತಿ ಹಿಡಿಯುವ ಹಾಗಿಲ್ಲ, ಹಿಡಿದರೂ ತಲೆ ಒಡ್ಡುವ ಧೈರ್ಯ ಯಾರಿಗಿದೆ? ಅಂಗಡಿಯ ಬಾಗಿಲು ಅರ್ಧ ಎಳೆದು ಬೆಂಚಿನ ಮೇಲೆ ಮಲಗಿದ. ವಾರ ಕಳೆಯುವಷ್ಟರಲ್ಲಿ ಕೆನ್ನೆ ಒಳಗೆ ಹೋಗಿತ್ತು. ವೈದ್ಯರು ಎದೆಗೆ ಕಿವಿಕೊಟ್ಟು ಕೇಳಿ, "ಇದು ನನ್ನ ಕೈಲಿಲ್ಲ. ಎಲ್ಲೋ ವಿಡಿಯೋ ಸಿಕ್ಕಿಕೊಂಡಿದೆ. ಬೇಗ ಬಿಡಿಸಿ, ಹೀಗೇ ಆದ್ರೆ ಎದೆ ತಡ್ಕೊಳ್ಳಲ್ಲ" ಎಂದರು. ಬಿಡಿಸುವವಳು ಊರಿಗೆಲ್ಲ ಒಬ್ಬಳೇ, ನನ್ನ ಹೆಂಡತಿ ವನಜಾಕ್ಷಿ.

ನನ್ನದು ಹಿಟ್ಟಿನ ಗಿರಣಿ. ಗಿರಣಿಯ ಒಂದು ಮೂಲೆಗೆ ಗಾಜಿನ ಅಡ್ಡ ಕಟ್ಟಿ ಅವಳ ಕಂಪ್ಯೂಟರ್ ಇದೆ. ಎಷ್ಟು ಕಟ್ಟಿದರೂ ಹಿಟ್ಟು ಒಳಗೆ ಹೋಗಿಯೇ ಹೋಗುತ್ತದೆ, ಕೀಬೋರ್ಡ್ ತಲೆಕೆಳಗು ಮಾಡಿ ಬಡಿದರೆ ಒಂದು ರೊಟ್ಟಿಗಾಗುವಷ್ಟು ರಾಗಿ ಹಿಟ್ಟು ಉದುರುತ್ತದೆ ಎಂದು ಅವಳು ನನ್ನನ್ನು ಬಯ್ಯುತ್ತಾಳೆ. ಜನ ಎಲ್ಲೆಲ್ಲಿಂದಲೋ ಇಳಿಸಿಕೊಂಡ ವಿಡಿಯೋಗಳನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬರುತ್ತಾರೆ. ಒಂದು ಟಿವಿಯಲ್ಲಿ ಓಡುವುದಿಲ್ಲ, ಇನ್ನೊಂದರಲ್ಲಿ ಚಿತ್ರವಿದ್ದರೆ ಧ್ವನಿಯಿಲ್ಲ, ಮತ್ತೊಂದು ನಡುವೆ ನಿಂತು ಮುಂದಕ್ಕೆ ಹೋಗುವುದಿಲ್ಲ. ಅವಳು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಏನೋ ಕುಟ್ಟುತ್ತಾಳೆ, ಮಗ್ಗಿ ಒಪ್ಪಿಸಿದ ಹಾಗೆ ಸಾಲುಸಾಲಾಗಿ ಉತ್ತರ ಬರುತ್ತದೆ, ಕೊನೆಗೆ ಸರಿಯಾದ ವಿಡಿಯೋ ಹೊರಗೆ ಬೀಳುತ್ತದೆ. ಆ ಸಾಫ್ಟ್‌ವೇರ್‌ಗೆಲ್ಲ ಅವಳು ಒಂದು ಪೈಸೆ ಕೊಟ್ಟಿಲ್ಲ. "ಪುಕ್ಕಟೆ ಯಾಕೆ ಕೊಡ್ತಾರೆ? ಏನೋ ಮೋಸ ಇರುತ್ತೆ ಕಣೇ" ಎಂದು ನಾನು ಒಮ್ಮೆ ಅಂದಿದ್ದೆ. "ಅರವಟ್ಟಿಗೆ ಇಟ್ಟೋರು ನೀರಿಗೆ ದುಡ್ಡು ಕೇಳ್ತಾರೇನ್ರೀ?" ಎಂದಳು. ಎಲ್ಲಿಯೋ ಕೂತ ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಬಳಸಿಕೊಳ್ಳಲಿ, ಕೆಟ್ಟರೆ ತಿದ್ದಿಕೊಳ್ಳಲಿ ಎಂದು ಬಿಟ್ಟಿದ್ದಾರಂತೆ. ಅವಳು ಬೆಳಿಗ್ಗೆ ಕಂಪ್ಯೂಟರಿಗೆ ಕೈಮುಗಿಯುವುದು ಅವರಿಗೋ ಗಣಪತಿಗೋ ನನಗೆ ಇನ್ನೂ ಗೊತ್ತಿಲ್ಲ.

ವನಜ ಚಲಪತಿಯ ಅಂಗಡಿಗೆ ಹೋಗಿ, "ನಿಮ್ಮ ವಿಡಿಯೋ ಯಾರು ತೆಗೆದಿದ್ರು, ನೆನಪಿದೆಯಾ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. "ಸರಿ, ಎಲ್ಲಿದ್ರೂ ಹುಡುಕಿ ಸರಿಮಾಡ್ತೀನಿ" ಎಂದು ಎದ್ದಾಗ ಅವನು ಸಟಕ್ಕನೆ ಎದ್ದು ಕೂತ.

"ಬೇಡ ತಾಯಿ," ಅಂದ. ಒಂದೊಂದು ಮಾತಿಗೂ ಬಿಕ್ಕಳಿಕೆ ಅಡ್ಡ ಬರುತ್ತಿತ್ತು. "ನೋಡ್ಕೊಳ್ಳಲಿ. ಯಾರೋ ನನ್ನ ಮುಖಾನೇ ಹಿಡಿದಿಟ್ಕೊಂಡು ಬಿಡದೆ ನೋಡ್ತಾ ಇದಾರೆ. ಇಷ್ಟು ವರ್ಷಕ್ಕೆ ಬಂದಿದ್ದನ್ನ ನಾನೇ ಓಡಿಸ್ಲಾ?"

"ಸತ್ತುಹೋಗ್ತೀಯ ಕಣೋ!" ಎಂದು ನಾನು ಗದರಿದೆ.

"ಯಾರೂ ನೋಡ್ದೆ ಸಾಯೋದಕ್ಕಿಂತ ವಾಸಿ ಅಲ್ವಾ ಭೈರಣ್ಣ?" ಅಂದ. ವನಜ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ನಡೆದಳು. ಅವಳು ಅವನ ಮಾತು ಕೇಳಿದಂತೆ ತಲೆಯಾಡಿಸಿದ್ದಳು, ಆದರೆ ಹುಡುಕುವುದನ್ನು ಬಿಡಲಿಲ್ಲ.

ನಮ್ಮೂರಿಗೆ ಕರೆಂಟು ಬೀದಿಯ ಸರದಿಯ ಮೇಲೆ. ಒಂದು ಬೀದಿಗಿದ್ದರೆ ಇನ್ನೊಂದಕ್ಕಿಲ್ಲ. ಮೇಲಿನ ಬೀದಿಯ ಕರೆಂಟು ಹೋದ ಹೊತ್ತಿಗೆ ಸರಿಯಾಗಿ ಚಲಪತಿ ಗೊರಕೆ ಹೊಡೆದು ಮಲಗುತ್ತಾನೆಂದೂ, ಅಲ್ಲಿ ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಬಿಕ್ಕಿ ಎಚ್ಚರಗೊಳ್ಳುತ್ತಾನೆಂದೂ ಅವಳು ಕಂಡುಹಿಡಿದಳು. ಅಲ್ಲಿಗೆ ಬೀದಿ ಸಿಕ್ಕಿತು. ಇಬ್ಬರೂ ಮನೆಮನೆಗೂ ಹೋಗಿ ವಿಚಾರಿಸಿದೆವು. "ಚಲಪತಿ ವಿಡಿಯೋ ನಮ್ಮತ್ರ ಯಾಕಿರುತ್ತೆ?" ಎಂದರು ಎಲ್ಲರೂ. ಕೊನೆಗೆ ಉಳಿದದ್ದು ಸುಕನ್ಯಳ ಮನೆ. ಸುಕನ್ಯಳ ಗಂಡ ಬಸ್ ಕಂಡಕ್ಟರ್, ಮನೆಯಲ್ಲಿರುವುದೇ ಕಡಿಮೆ. ಅವರ ಒಬ್ಬನೇ ಮಗ ಅಚ್ಯುತ ಐದು ತುಂಬುವ ಮೊದಲೇ ಜ್ವರದಲ್ಲಿ ಹೋಗಿ ಕೆಲವು ವರ್ಷಗಳಾಗಿದ್ದವು. ಆ ಮನೆಯ ಕದ ತಟ್ಟಲು ನನಗೆ ಕೈ ಬರಲಿಲ್ಲ. ವನಜಳೇ ತಟ್ಟಿದಳು.

ಬಾಗಿಲು ತೆರೆದಾಗಲೇ ಒಳಗಿನ ಟಿವಿ ಕಾಣಿಸಿತು. ಪರದೆಯ ಮೇಲೆ ಅಚ್ಯುತ. ಎರಡು ವರ್ಷದ ಮಗು, ಮೊದಲ ಸಲ ಕೂದಲು ತೆಗೆಸುವ ಜವಳದ ದಿನ, ಮುಖ ಕಾಣದ ಸೋದರಮಾವನ ತೊಡೆಯ ಮೇಲೆ ಕೂತು ಅಳುತ್ತಿದ್ದಾನೆ. ಅರ್ಧ ತಲೆ ಬೋಳಾಗಿದೆ, ಬಾಯಿ ತೆರೆದಿದೆ, ಗಲ್ಲದ ಮೇಲೆ ಕಣ್ಣೀರು ನಿಂತಿದೆ. ಚಿತ್ರ ಅಲ್ಲಿಗೇ ಸಿಕ್ಕಿಕೊಂಡಿತ್ತು. ಮಗುವಿನ ತಲೆಯ ಪಕ್ಕದಲ್ಲೇ, ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದ ಚಲಪತಿಯ ಮುಖ ಇಡೀ ಕಾಣುತ್ತಿತ್ತು. ಕೂದಲು ಇನ್ನೂ ಕಪ್ಪಗಿದ್ದ ಚಲಪತಿ.

ಊರು ಬಿಟ್ಟು ದೂರ ಹೋಗಿರುವ ಸುಕನ್ಯಳ ತಮ್ಮ ಮೋಹನ ಹಳೆಯದನ್ನೆಲ್ಲ ತಡಕುವಾಗ ಇದು ಸಿಕ್ಕಿತಂತೆ, ಅವನು ಇಂಟರ್ನೆಟ್ಟಿನಲ್ಲಿ ಹಾಕಿದ್ದನ್ನು ಸುಕನ್ಯ ಇಳಿಸಿಕೊಂಡಿದ್ದಳು. ಇಳಿಯುವಾಗ ಎಷ್ಟೋ ಸಲ ಕಡಿದುಹೋಗಿತ್ತು. "ಇಲ್ಲೀವರೆಗೆ ಬಂದು ನಿಂತೋಗುತ್ತೆ ವನಜಕ್ಕ," ಎಂದಳು. "ಆಫ್ ಮಾಡೋಣ ಅಂತ ರಿಮೋಟ್ ತಗೋತೀನಿ. ಅವನ ಮುಖ ಅಲ್ಲಿದ್ದಾಗ ಹೆಂಗೆ ಆಫ್ ಮಾಡ್ಲಿ ಹೇಳಿ? ಕರೆಂಟ್ ಬಂದಾಗ ಮತ್ತೆ ಹಾಕ್ತೀನಿ, ಇವತ್ತಾದ್ರೂ ಮುಂದಕ್ಕೆ ಹೋಗುತ್ತೇನೋ ಅಂತ." ನಾವು ಚಲಪತಿಯ ಸ್ಥಿತಿ ಹೇಳಿದೆವು. ಅವಳು ಪರದೆ ನೋಡಿದಳು, ನಮ್ಮನ್ನು ನೋಡಿದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ. ಅವರಿಗೆ ಹೇಳಿಕಳಿಸ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಇದರಲ್ಲಿ ಇನ್ನೊಬ್ಬರಿದಾರೆ ಅಂತ ನಾನು ನೋಡೇ ಇಲ್ಲ!" ಮಾತು ಮುಗಿಯುವ ಮೊದಲೇ ಟಿವಿಯ ಸ್ವಿಚ್ಚನ್ನೇ ಆರಿಸಿಬಿಟ್ಟಳು. ಪೆನ್ ಡ್ರೈವ್ ಕಿತ್ತು ವನಜಳ ಕೈಯಲ್ಲಿಟ್ಟು ಹೇಳಿದಳು: "ಅಳಿಸಿಬಿಡಿ. ಸತ್ತ ಮಗೂನ ನೋಡೋದಕ್ಕೆ ಇರೋ ಮನುಷ್ಯನ ಜೀವ ತೆಗೆಯೋದಾ? ಬೇಡಪ್ಪ."

ಆ ದಿನ ಚಲಪತಿ ಸಂಜೆಯಿಂದ ಬೆಳಗಿನ ತನಕ ಮಗ್ಗುಲು ಬದಲಿಸದೆ ಮಲಗಿದ. ಮಾರನೆಯ ದಿನ ಗಂಜಿ ಕುಡಿದ. ವಿಷಯವನ್ನು ನಾನೇ ಹೇಳಬೇಕಾಯಿತು, ಹೇಳಿದೆ. ಅವನು ಬಟ್ಟಲಿನ ತಳ ನೋಡಿದ. "ಹಂಗಾದ್ರೆ ನನ್ನ ನೋಡ್ತಿರ್ಲಿಲ್ಲ," ಅಂದ. "ಮಗೂನ ನೋಡ್ತಿದ್ರು. ನಾನು ಸುಮ್ನೆ ಮಧ್ಯ ಬಂದಿದ್ದೆ." ಬಟ್ಟಲು ತೊಳೆದಿಟ್ಟು ಅವನು ಕೇಳಿದ: "ಅದು ಎಲ್ಲಿಗೆ ನಿಂತಿದೆ?"

"ಮಗು ಅಳೋ ಕಡೆ."

"ನಗೋವರೆಗೂ ಹೋಗಿಲ್ವಾ?"

"ನಗೋದಾ? ಅದರಲ್ಲಿ ನಗು ಎಲ್ಲಿ ಬಂತು?"

ಚಲಪತಿ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಗಿರಣಿಗೆ ಬಂದ, ನಾನು ಅವನ ಹಿಂದೆ ಓಡಿದೆ. ಸುಕನ್ಯ ಆಗಲೇ ಅಲ್ಲಿದ್ದಳು. ಅಳಿಸಿದ್ದು ಖಾತ್ರಿ ಮಾಡಿಕೊಳ್ಳಲು ಬಂದಿದ್ದಳೋ, ಅಳಿಸದಿರಲಿ ಎಂದು ಬಂದಿದ್ದಳೋ, ಪಾಪ ಅವಳಿಗೇ ಗೊತ್ತಿದ್ದಂತಿರಲಿಲ್ಲ. ಅವನನ್ನು ಕಂಡು ತಲೆ ತಗ್ಗಿಸಿದಳು. "ತಪ್ಪಾಯ್ತು ಚಲಪತಣ್ಣ" ಎಂದಳು.

"ಅದಿರ್ಲಿ ಬಿಡಿ ಸುಕನ್ಯಮ್ಮ. ಅವತ್ತು ಮಗು ನಕ್ಕಿದ್ದು ನೀವು ನೋಡಿದ್ರಾ?"

ಅವಳು ತಲೆಯೆತ್ತಿದಳು. "ನಗಲೇ ಇಲ್ವಲ್ಲ. ಅವನು ಅಳೋದು ನೋಡಕ್ಕಾಗ್ದೆ ನಾನು ಅಡುಗೆಮನೆಗೆ ಹೋಗಿ ಕಿವಿ ಮುಚ್ಕೊಂಡು ಕೂತಿದ್ದೆ. ಕರೆದಾಗ ಬಂದೆ, ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು."

"ಕೊನೇಲಿ ನಕ್ಕ ತಾಯಿ. ನಾನು ಸೋಪಿನ ನೊರೆ ತಗೊಂಡು ನನ್ನ ಮೂಗಿಗೆ ಹಚ್ಕೊಂಡೆ. ಅಳು ನಿಲ್ಲಿಸಿ ನೋಡಿದ. ಕೈ ಚಾಚಿ ಮುಟ್ಟಿದ. ಆಮೇಲೆ ನೋಡಿ, ಹೊಟ್ಟೆ ಹಿಡ್ಕೊಂಡು ನಕ್ಕ. ಮೋಹನಪ್ಪ ಅವರು ಫೋನನ್ನ ಯಾರ ಕೈಗೋ ಕೊಟ್ಟಿದ್ರು, ಅವರು ಹಿಡಿದೇ ಇದ್ರು. ಅದರೊಳಗೆ ಇರ್ಲೇಬೇಕು." ಅವನು ವನಜಳ ಕಡೆ ತಿರುಗಿದ. "ಅಳಿಸ್ಬೇಡಿ ವನಜಮ್ಮ. ಆ ನಗು ಈಚೆಗೆ ತೆಗೀರಿ. ನಂಗೆ ಎಷ್ಟು ಬಿಕ್ಕಳಿಕೆ ಬಂದ್ರೂ ಚಿಂತಿಲ್ಲ. ನನ್ನ ಮುಖ ಇರೋದೂ ಈ ಪ್ರಪಂಚದಲ್ಲಿ ಅದೊಂದರಲ್ಲೇ."

ಸುಕನ್ಯ ಅಲ್ಲೇ ರಾಗಿ ಮೂಟೆಯ ಮೇಲೆ ಕೂತುಬಿಟ್ಟಳು. ಅಳಲಿಲ್ಲ. "ನಕ್ಕಿದ್ನಾ?" ಎಂದು ಮಾತ್ರ ಕೇಳಿದಳು, ಮತ್ತೆ ಮತ್ತೆ ಅದನ್ನೇ ಕೇಳಿದಳು.

ವನಜ ಅಳಿಸಿರಲಿಲ್ಲ. ಯಾರು ಏನೇ ಹೇಳಲಿ, ಮೊದಲು ಒಂದು ನಕಲು ತೆಗೆದಿಟ್ಟುಕೊಂಡು, ಅಸಲನ್ನು ಮುಟ್ಟದೆ, ನಕಲಿನ ಮೇಲೆ ಕೆಲಸ ಮಾಡುವವಳು ಅವಳು. ಅವತ್ತೇ ಕೂತಳು. ಚಲಪತಿ ಪಕ್ಕದಲ್ಲೇ ನೀರಿನ ಚೊಂಬು ಹಿಡಿದು ಕೂತ, ಯಾಕೆಂದರೆ ಓಡಿಸಿ ನೋಡಿದಾಗಲೆಲ್ಲ ಅವನು ಬಿಕ್ಕಬೇಕಲ್ಲ. ಮೊದಲು ಬೇರೆ ಬಗೆಯ ಫೈಲಿಗೆ ಬದಲಾಯಿಸಿ ನೋಡಿದಳು, ಅಲ್ಲಿಗೇ ನಿಂತಿತು. ನಿಂತ ಜಾಗ ಹಾರಿಸಿ ಮುಂದಿನದನ್ನು ಎಳೆದಳು, ಹಸಿರು ಬಣ್ಣ ತುಂಬಿಕೊಂಡು ಮಗುವಿನ ಮುಖ ಚೌಕ ಚೌಕವಾಗಿ ಒಡೆದುಹೋಯಿತು. ಚಲಪತಿಯ ಬಿಕ್ಕಳಿಕೆಯೂ ತುಂಡುತುಂಡಾಗಿ, ಒಂದರ ಮೇಲೊಂದು ಬಿದ್ದು, ಕೆಮ್ಮಿಗೆ ತಿರುಗಿತು. ಸುಕನ್ಯ ಕಣ್ಣು ಮುಚ್ಚಿಕೊಂಡಳು. "ನಿಲ್ಲಿಸು ಮಾರಾಯ್ತಿ!" ಎಂದು ನಾನು ಕೂಗಿದೆ.

"ಸರಕೆಲ್ಲ ಒಳಗೇ ಇದೆ," ಎಂದಳು ವನಜ, ಬೆವರು ಒರೆಸಿಕೊಳ್ಳುತ್ತ. "ಯಾವುದರ ಹಿಂದೆ ಯಾವುದು ಬರಬೇಕು ಅಂತ ಹೇಳೋ ಭಾಗ ಹಾಳಾಗಿದೆ, ಅಷ್ಟೆ. ಅದನ್ನ ಹೊಸದಾಗಿ ಕಟ್ಟಬಹುದು. ಆದ್ರೆ ಅದೇ ಫೋನಿನಲ್ಲಿ ತೆಗೆದ, ಕೆಡದೇ ಇರೋ ಇನ್ನೊಂದು ವಿಡಿಯೋ ಬೇಕು. ಆ ಫೋನ್ ಹೆಂಗೆ ಜೋಡಿಸುತ್ತೆ ಅಂತ ಅದನ್ನ ನೋಡಿ ಕಲೀಬೇಕು. ಬೇರೆ ಫೋನಿಂದು ಆಗಲ್ಲ."

ಮೋಹನನಿಗೆ ಫೋನು ಮಾಡಿದರೆ, ಆ ಹಳೆಯ ಫೋನು ಯಾವಾಗಲೋ ನೀರಿಗೆ ಬಿದ್ದು ಹಾಳಾಗಿತ್ತು. ಜವಳದ ವಿಡಿಯೋ ಅವನ ಕಡೆಯೂ ಈಗ ಇರಲಿಲ್ಲ, ಇಂಟರ್ನೆಟ್ಟಿನಿಂದಲೂ ಹೋಗಿತ್ತು, ಆ ಫೋನಿನಲ್ಲಿ ತೆಗೆದದ್ದು ಬೇರೇನೂ ಉಳಿದಿರಲಿಲ್ಲ. ಊರೆಲ್ಲ ವಿಚಾರಿಸಿದೆವು. ಇಲ್ಲ. ಚಲಪತಿ ಚೊಂಬು ಕೆಳಗಿಟ್ಟ. ಸುಕನ್ಯ ಎದ್ದು ಸೆರಗು ಕೊಡವಿಕೊಂಡಳು. "ಹೋಗ್ಲಿ ಬಿಡಿ. ನಕ್ಕಿದ್ದ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು" ಎಂದಳು. ಸಾಕಾಗಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು.

ವನಜ ಮಾತ್ರ ನನ್ನ ಮುಖ ನೋಡುತ್ತಿಲ್ಲ. ಕೀಬೋರ್ಡಿನ ಹಿಟ್ಟು ಊದುತ್ತಾಳೆ, ಬಳೆ ತಿರುವುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಏನೇ ಅದು?" ಎಂದೆ.

"ಆ ಫೋನಿಂದು ಒಂದಿದೆ," ಎಂದಳು ನೆಲ ನೋಡುತ್ತ. "ನಿಮ್ಮದು. ಗೊರಕೆಯದು."

ಈ ಗೊರಕೆಯ ಕಥೆ ಹೇಳದೆ ವಿಧಿಯಿಲ್ಲ. ಮೋಹನ ಊರಲ್ಲಿದ್ದಾಗ, ನಾನು ಗಿರಣಿಯಲ್ಲಿ ಮೂಟೆಗಳ ಮೇಲೆ ಬಾಯಿ ತೆರೆದು ಮಲಗಿ, ಮೀಸೆಯೆಲ್ಲ ಹಿಟ್ಟಾಗಿ, ಗೊರಕೆ ಹೊಡೆಯುವುದನ್ನು ವಿಡಿಯೋ ಮಾಡಿದ್ದ. ಊರಿಗೆ ಊರೇ ಅದನ್ನು ನೋಡಿ ನಕ್ಕಿತು. ನಾನು ಉಂಡಾಗ ಬಿಕ್ಕಿದೆ, ಮಲಗಿದಾಗ ಬಿಕ್ಕಿದೆ, ಸಂಕಷ್ಟಿಯ ಪೂಜೆಯಲ್ಲಿ ಬಿಕ್ಕಿದೆ. ರೋಸಿಹೋಗಿ ಒಂದೊಂದೇ ಫೋನು ಕಿತ್ತುಕೊಂಡು ಅಳಿಸಿಹಾಕಿಸಿದೆ. ಆದರೂ ಗಿರಣಿಯ ಕಲ್ಲು ಕುಟ್ಟಿಸಿಕೊಂಡು ಬರಲು ಪರ ಊರಿಗೆ ಹೋದಾಗಲೆಲ್ಲ ರಾತ್ರಿ ಬಸ್ಸಿನಲ್ಲಿ ಬಿಕ್ಕಳಿಕೆ ಬರುತ್ತಿತ್ತು. ಯಾವನೋ ಪೋಲಿ ಬಚ್ಚಿಟ್ಟುಕೊಂಡಿದ್ದಾನೆ, ಸಿಕ್ಕಿದರೆ ಸಿಗಿದು ಹಾಕುತ್ತೇನೆ ಎಂದು ಹಲ್ಲು ಕಡಿಯುತ್ತಿದ್ದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತೆ, ಅದು ನನ್ನ ಮನೆಯಲ್ಲೇ ಇತ್ತು.

"ನೀನಾ!" ಎಂದೆ.

"ನೀವಿಲ್ದಾಗ ಮನೆ ತುಂಬಾ ಸದ್ದಿಲ್ದೆ ಇರುತ್ತೆ ರೀ," ಎಂದಳು ವನಜ. "ಗೊರಕೆ ಇಲ್ದೆ ನಿದ್ದೆ ಬರಲ್ಲ ನಂಗೆ. ಹೇಳಿದ್ರೆ ಅಳಿಸ್ತಿದ್ರಿ."

ಮೂರು ಜನರೆದುರು ನನ್ನ ಕಿವಿ ಬಿಸಿಯಾಯಿತು. ಕೋಪ ಬರಬೇಕಿತ್ತು, ಬರಲಿಲ್ಲ. "ಹಾಕು, ಹಾಕು, ಕೆಲಸಕ್ಕೆ ಬರುತ್ತೇನೋ ನೋಡು" ಎಂದು ಜೋರು ಮಾಡಿದೆ. ಅವಳು ಅದನ್ನು ತೆರೆದಳು. ನಾನು ಬಿಕ್ಕತೊಡಗಿದೆ. ಪರದೆಯ ಮೇಲೆ ನಾನು ಗೊರಕೆ, ಇಲ್ಲಿ ನಾನು ಬಿಕ್ಕಳಿಕೆ. ಸುಕನ್ಯ ಅಷ್ಟು ವರ್ಷಗಳ ಮೇಲೆ ನಕ್ಕದ್ದನ್ನು ನಾನು ಕಂಡೆ, ಸೆರಗು ಕಚ್ಚಿಕೊಂಡು ನಕ್ಕಳು. ಇಂಥ ನಗುವಿಗೆ ಇನ್ನೂ ನಾಲ್ಕು ಸಲ ಬೇಕಾದರೂ ಬಿಕ್ಕುತ್ತೇನೆ ಎನಿಸಿತು.

ಕಪ್ಪು ಪರದೆಯ ಮೇಲೆ ವನಜ ಒಂದು ಸಾಲು ಕುಟ್ಟಿದಳು. ಒಂದು ಕಡೆ ನನ್ನ ಗೊರಕೆ, ಇನ್ನೊಂದು ಕಡೆ ಅಚ್ಯುತನ ಜವಳ. ಬಿಳಿ ಅಕ್ಷರಗಳು ಉರುಳಿದವು, ನಿಂತವು, ಮತ್ತೆ ಉರುಳಿದವು. ರಾಗಿ ಬೀಸಿಸಲು ಬಂದವರು ಡಬ್ಬ ಹಿಡಿದು ಬಾಗಿಲಲ್ಲೇ ನಿಂತರು. ಕೊನೆಗೆ ಹೊಸದೊಂದು ಫೈಲು ಹೊರಗೆ ಬಂತು. ವನಜ ಅದನ್ನು ತೆರೆಯಲಿಲ್ಲ. ಪೆನ್ ಡ್ರೈವಿಗೆ ಹಾಕಿ ಸುಕನ್ಯಳ ಕೈಗೆ ಕೊಟ್ಟಳು. "ಇದನ್ನ ಮೊದಲು ನೋಡೋದು ನಾನಲ್ಲ," ಎಂದಳು. "ಹೋಗು, ಮನೇಲಿ ನೋಡು. ಸರಿಯಾಗದಿದ್ರೆ ವಾಪಸ್ ತಾ, ನಾಳೆ ಮತ್ತೆ ಕೂರ್ತೀನಿ."

ಸುಕನ್ಯ ಬಾಗಿಲಲ್ಲಿ ನಿಂತು ಚಲಪತಿಯ ಕಡೆ ತಿರುಗಿದಳು. ಅವನಿಗೆ ಯಾರೂ ಯಾವತ್ತೂ ಹೇಳದ ಮಾತು ಹೇಳಿದಳು: "ಚಲಪತಣ್ಣ, ಸಂಜೆ ದೀಪ ಹಚ್ಚಿದ ಮೇಲೆ ಹಾಕ್ತೀನಿ. ಊಟಗೀಟ ಮುಗಿಸಿಕೊಂಡಿರಿ." ಅವನು ಕೈಮುಗಿದ.

ಸಂಜೆ ನಾನು ಅವನ ಅಂಗಡಿಯಲ್ಲೇ ಕೂತಿದ್ದೆ. ನನ್ನ ಪಕ್ಕದಲ್ಲಿ ವನಜ. ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಚಲಪತಿ ಬಿಕ್ಕಿದ, ಆಮೇಲೆ ನಿಂತಿತು, ಮತ್ತೆ ಬಂತು. ಸಿಕ್ಕಿಕೊಳ್ಳುವ ಜಾಗ ಬಂದಾಗ ನಾವು ಬೆಂಚಿನ ತುದಿಗೆ ಸರಿದೆವು. ಬಿಕ್ಕಳಿಕೆ ನಿಂತಿತು. ಸಿಕ್ಕಿಕೊಳ್ಳಲಿಲ್ಲ, ದಾಟಿತು! ಆಮೇಲೆ ಮತ್ತೆ ಶುರುವಾಯಿತು, ಈ ಸಲ ಗಟ್ಟಿಯಾಗಿ, ಬಹಳ ಹೊತ್ತು. "ಇದು ನೊರೆ," ಅಂದ ಚಲಪತಿ ಬಿಕ್ಕುತ್ತಲೇ. "ಮೂಗಿಗೆ ಹಚ್ಕೊಂಡು ಬಗ್ಗಿದೀನಿ." ವನಜ ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. ಮೇಲಿನ ಬೀದಿಯಲ್ಲಿ ಒಬ್ಬ ತಾಯಿ ಏನು ನೋಡುತ್ತಿದ್ದಾಳೆಂದು ಇಲ್ಲಿ ಕೂತ ನಮಗೆ ಗೊತ್ತಾಗುತ್ತಿತ್ತು.

ಅದು ಮುಗಿದು ಒಂದು ಗಳಿಗೆ ಆಗಿರಲಿಲ್ಲ, ಮತ್ತೆ ಮೊದಲಿನಿಂದ ಶುರುವಾಯಿತು. ಇನ್ನೊಮ್ಮೆ ಹಾಕಿಕೊಂಡಳೆಂದುಕೊಂಡು ನಾವು ನಗುವಷ್ಟರಲ್ಲಿ, ಏದುಸಿರು ಬಿಡುತ್ತ ಸುಕನ್ಯಳೇ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿಯಿಲ್ಲ, ಸೆರಗು ಜಾರಿದೆ, ಮುಖವೆಲ್ಲ ಒದ್ದೆ.

"ಇದೇನೇ, ವಿಡಿಯೋ ಓಡ್ತಿದೆಯಲ್ಲ!" ಎಂದಳು ವನಜ.

"ತಾನಾಗೇ ಮತ್ತೆ ಮತ್ತೆ ಓಡೋ ಹಂಗೆ ಬಿಟ್ಟು ಬಂದೆ ಅಕ್ಕ." ಅವಳ ಕಣ್ಣು ಚಲಪತಿಯ ಮೇಲೆಯೇ ಇತ್ತು. "ಇಷ್ಟು ವರ್ಷ ಅವನ ಫೋಟೋ ನೋಡಿದೀನಿ, ಅವನೊಬ್ಬನೇ ಇರೋ ಚೂರುಪಾರು ವಿಡಿಯೋ ಎಲ್ಲಾ ಹಾಕಿದೀನಿ. ಎಲ್ಲಿಂದಾನೂ ಒಂದು ಸದ್ದು ಬರ್ಲಿಲ್ಲ. ಎಲ್ಲರ ಮಕ್ಕಳೂ ಬಿಕ್ತಾವೆ, ನನ್ನದು ಇಲ್ಲ. ಇವತ್ತು ಅವನನ್ನ ಹಾಕಿದ್ರೆ ಊರಲ್ಲಿ ಒಬ್ಬರಿಗಾದ್ರೂ ಮುಟ್ಟುತ್ತಲ್ಲ. ಅದನ್ನ ನೋಡ್ಬೇಕು ಅಂತ ಬಂದೆ."

ಚಲಪತಿ ಕುರ್ಚಿ ಒರೆಸಿ ಅವಳ ಮುಂದೆ ಸರಿಸಿದ. ಅವಳು ಕೂರಲಿಲ್ಲ. ಅವನೆದುರು ನಿಂತು, ಅವನ ಎದೆಯನ್ನೇ ನೋಡುತ್ತ ಕಾದಳು. ಅವನು ಬಿಕ್ಕಿದ. "ಈಗ ನೀರು ಹಾಕಿ ತಲೆ ಒದ್ದೆ ಮಾಡ್ತಿದೀರಿ," ಎಂದಳು. ನಿಂತಿತು. ಮತ್ತೆ ಬಿಕ್ಕಿದ. "ಈಗ ಅಳ್ತಿದಾನೆ. ಬಾಚಣಿಗೆ ಕಚ್ಕೊಂಡು ಸಮಾಧಾನ ಮಾಡ್ತಿದೀರಿ." ನಿಂತಿತು. ಆಮೇಲೆ ಮೂರನೆಯದು ಶುರುವಾಯಿತು. ಚಲಪತಿ ಎರಡೂ ಕೈ ಇಳಿಬಿಟ್ಟು, ಮುಚ್ಚಿಕೊಳ್ಳದೆ, ತಡೆಯದೆ, ಅವಳಿಗೆ ಸರಿಯಾಗಿ ಕಾಣುವಂತೆ ನೆಟ್ಟಗೆ ನಿಂತು ಬಿಕ್ಕಿದ. ಸುಕನ್ಯ ಕೈ ಚಾಚಿ ಅವನ ಎದೆಯ ಮೇಲೆ ಅಂಗೈ ಇಟ್ಟಳು.

"ಈಗ ನಗ್ತಿದಾನೆ," ಎಂದಳು.